ಯಾಕೆ ಬಂತು ಅಂತ ಗೊತ್ತಿಲ್ಲ, ಮುಂದೇನು? ಸ್ಟ್ರೋಕ್ ಆದವರ ಪ್ರಶ್ನೆಗಳಿಗೆ ಫಿಸಿಯೋಥೆರಪಿಸ್ಟ್ ಉತ್ತರ

ಕಳೆದ ಸಂಚಿಕೆಯಲ್ಲಿ ಸ್ಟ್ರೋಕ್ ಆದವರು ಮನೆಯಲ್ಲಿ ಮಾಡಬಹುದಾದ ವ್ಯಾಯಾಮದ ಬಗ್ಗೆ ಬರೆದಿದ್ದೆ. ಆಮೇಲೆ ಬಂದ ಪತ್ರಗಳಲ್ಲಿ ವ್ಯಾಯಾಮದ ಪ್ರಶ್ನೆ ಕಡಿಮೆ. ಹೆಚ್ಚಿನವರು ಕೇಳಿದ್ದು ದಿನ ಕಳೆಯುವುದರ ಬಗ್ಗೆ. ಅದರಲ್ಲೂ ಎಲ್ಲ ಟೆಸ್ಟ್ ಆದ ಮೇಲೂ ಕಾರಣ ಸಿಗದವರು. ಅವರಿಗಾಗಿಯೇ ಈ ಸಲದ ಪುಟ.

ಪ್ರಶ್ನೆ: ನನಗೆ 43 ವರ್ಷ. ಬಿಪಿ ಇಲ್ಲ, ಶುಗರ್ ಇಲ್ಲ, ಸಿಗರೇಟು ಮುಟ್ಟಿದವಳಲ್ಲ. ಆದರೂ ಎರಡು ಸಲ ಸ್ಟ್ರೋಕ್ ಆಯಿತು. ಎಂಆರ್‌ಐ, ಎಕೋ, ಕತ್ತಿನ ಡಾಪ್ಲರ್, ಹೃದಯ ಬಡಿತ ದಾಖಲಿಸುವ ಒಂದು ದಿನದ ಹೋಲ್ಟರ್ ಎಲ್ಲ ಮಾಡಿಸಿದೆವು. ರಕ್ತ ಹೆಪ್ಪುಗಟ್ಟಿ ಆಗಿದೆ, ಯಾಕೆ ಅಂತ ಗೊತ್ತಾಗಲಿಲ್ಲ ಎಂದರು ಡಾಕ್ಟರು. ಮನೆಗೆ ಬಂದವರೆಲ್ಲ ಕೇಳುವುದು ಒಂದೇ, ಯಾಕೆ ಬಂತು? ರಾತ್ರಿ ಕೈ ಜುಮ್ಮೆಂದರೆ ಸಾಕು, ಬೆಳಗಾಗುವವರೆಗೆ ನಿದ್ದೆ ಇಲ್ಲ. (ಬಸವನಗುಡಿ)

ಇದು ನೀವು ತಂದುಕೊಂಡಿದ್ದಲ್ಲ. ಇದನ್ನು ಮೊದಲು ಹೇಳಬೇಕು, ಯಾಕೆಂದರೆ ಬಂದವರು ಹೋಗುವಾಗ ಒಂದೊಂದು ಕಾರಣ ಕೊಟ್ಟೇ ಹೋಗುತ್ತಾರೆ. ತಲೆಗೆ ಸ್ನಾನ ಮಾಡಿ ಫ್ಯಾನ್ ಕೆಳಗೆ ಕೂತಿದ್ದಕ್ಕೆ, ಜಾಸ್ತಿ ಟೆನ್ಷನ್ ಮಾಡಿಕೊಂಡಿದ್ದಕ್ಕೆ, ಸಾಡೇಸಾತಿ ನಡೆಯುತ್ತಿರುವುದಕ್ಕೆ. ಕೇಳಿ ಕೇಳಿ ಕೊನೆಗೆ ನಮಗೇ ಹೌದೇನೋ ಅನ್ನಿಸಲು ಶುರುವಾಗುತ್ತದೆ. "ಡಾಕ್ಟರು ಹುಡುಕುತ್ತಿದ್ದಾರೆ, ಚಿಕಿತ್ಸೆ ನಡೆಯುತ್ತಿದೆ" ಎಂದು ಒಂದೇ ಮಾತು ಹೇಳಿ, ಕಾಫಿ ಕೊಡಿಸಿ, ಬೇರೆ ವಿಷಯ ತೆಗೆಯಿರಿ. ಅವರಿಗೆ ಎಲ್ಲವನ್ನೂ ವಿವರಿಸುವ ಜವಾಬ್ದಾರಿ ನಿಮ್ಮದಲ್ಲ.

ನೀವು ಒಬ್ಬರೇ ಅಲ್ಲ. ರಕ್ತನಾಳ ಕಟ್ಟಿಕೊಂಡು ಆಗುವ ಸ್ಟ್ರೋಕ್‌ಗಳಲ್ಲಿ ಸುಮಾರು ಕಾಲು ಭಾಗಕ್ಕೆ ಮೊದಲ ಸುತ್ತಿನ ಪರೀಕ್ಷೆಗಳಲ್ಲಿ ಕಾರಣ ಸಿಗುವುದಿಲ್ಲ. ಹಾಗಂತ ಹುಡುಕಾಟ ಅಲ್ಲಿಗೇ ಮುಗಿಯಬೇಕಿಲ್ಲ. ನಿಮಗೆ ಒಂದೇ ದಿನದ ಹೋಲ್ಟರ್ ಆಗಿದೆ ಅಲ್ವಾ? ಏಟ್ರಿಯಲ್ ಫಿಬ್ರಿಲೇಶನ್ ಎನ್ನುವ ಹೃದಯ ಬಡಿತದ ಏರುಪೇರಿನಿಂದ ಹೃದಯದಲ್ಲಿ ಹೆಪ್ಪು ಕಟ್ಟಿ ಮಿದುಳಿಗೆ ಹೋಗಬಹುದು. ಅದು ಕೆಲವರಲ್ಲಿ ಯಾವಾಗಲೋ ಬಂದು ಹೋಗುತ್ತದೆ. ಮನೆಯಲ್ಲಿ ದಿನಾ ಮಿಣುಕುವ ಕರೆಂಟು ಲೈನ್‌ಮನ್ ಬಂದ ಹೊತ್ತಿಗೆ ಸರಿಯಾಗಿಯೇ ಇರುತ್ತದಲ್ಲ, ಹಾಗೆ. ಅದಕ್ಕೇ ಎದೆಯ ಚರ್ಮದ ಕೆಳಗೆ ಲೂಪ್ ರೆಕಾರ್ಡರ್ ಎಂಬ ಪುಟ್ಟ ಸಾಧನ ಇಟ್ಟು ಎರಡು ಮೂರು ವರ್ಷ ಬಡಿತ ದಾಖಲಿಸುತ್ತಾರೆ. 2014ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಈ ಸಾಧನ ಹಾಕಿಸಿಕೊಂಡವರಲ್ಲಿ ಒಂದು ವರ್ಷದೊಳಗೆ ಶೇ. 12ರಷ್ಟು ಮಂದಿಗೆ ಈ ಏರುಪೇರು ಪತ್ತೆಯಾಯಿತು. ಮಾಮೂಲಿ ತಪಾಸಣೆಯಲ್ಲಿದ್ದವರಲ್ಲಿ ಪತ್ತೆಯಾಗಿದ್ದು ಬರೀ ಶೇ. 2ರಷ್ಟು ಮಂದಿಗೆ. ಬೆಲೆ ಕಡಿಮೆಯೇನಲ್ಲ, ಎಲ್ಲರಿಗೂ ಬೇಕು ಅಂತಲೂ ಅಲ್ಲ. ಆದರೆ ಎರಡು ಸಲ ಆದವರು ಕೇಳಲೇಬೇಕಾದ ಪ್ರಶ್ನೆ ಇದು.

ಇನ್ನೂ ಕೆಲವನ್ನು ಕೇಳಿ. ಹೃದಯದ ಮೇಲಿನ ಎರಡು ಕೋಣೆಗಳ ನಡುವೆ ಪಿಎಫ್‌ಒ ಎಂಬ ಸಣ್ಣ ಕಿಂಡಿ ಇದೆಯೇ ಎಂದು, ಪುಟ್ಟ ಗುಳ್ಳೆಗಳಿರುವ ಸಲೈನ್ ರಕ್ತನಾಳಕ್ಕೆ ಕೊಟ್ಟು ಎಕೋದಲ್ಲಿ ನೋಡುವ ಬಬಲ್ ಟೆಸ್ಟ್‌ನಲ್ಲಿ ನೋಡಬಹುದು. ಅದು ನಾಲ್ಕರಲ್ಲಿ ಒಬ್ಬರಿಗೆ ಇರುತ್ತದೆ, ಹೆಚ್ಚಿನವರಿಗೆ ಏನೂ ಆಗುವುದಿಲ್ಲ, ಕೆಲವರಲ್ಲಿ ಮಾತ್ರ ಹೆಪ್ಪು ಆ ಕಿಂಡಿ ದಾಟಿ ಮಿದುಳಿಗೆ ಹೋಗುತ್ತದೆ. ಆದರೆ 60 ವರ್ಷದೊಳಗಿನವರಿಗೆ ಬೇರೆ ಕಾರಣವೇ ಇಲ್ಲದೆ ಸ್ಟ್ರೋಕ್ ಆಗಿದ್ದರೆ ಅದನ್ನು ಮುಚ್ಚುವ ಬಗ್ಗೆ ಹೃದಯದ ಡಾಕ್ಟರು ಮತ್ತು ನರರೋಗದ ಡಾಕ್ಟರು ಕೂತು ಮಾತಾಡುತ್ತಾರೆ. ರಕ್ತ ಸುಲಭವಾಗಿ ಹೆಪ್ಪುಗಟ್ಟುವಂತೆ ಮಾಡುವ ಆಂಟಿಫಾಸ್ಫೋಲಿಪಿಡ್ ಆಂಟಿಬಾಡಿ ನೋಡಿದ್ದಾರಾ? ರಕ್ತದಲ್ಲಿನ ಹೋಮೋಸಿಸ್ಟೀನ್, ಅದು ಏರದಂತೆ ನೋಡಿಕೊಳ್ಳುವ ಬಿ12 ವಿಟಮಿನ್? ನಮ್ಮ ಸಸ್ಯಾಹಾರಿ ಮನೆಗಳಲ್ಲಿ ಬಿ12 ಕಡಿಮೆ ಇರುವುದು ತುಂಬಾ ಸಾಮಾನ್ಯ.

"ಕಾರಣ ಸಿಗದಿದ್ದರೂ ಪರವಾಗಿಲ್ಲ, ರಕ್ತ ತೆಳು ಮಾಡುವ ಜೋರಾದ ಮಾತ್ರೆಯನ್ನೇ ಕೊಟ್ಟುಬಿಡಿ" ಎಂದು ತುಂಬಾ ಜನ ಕೇಳುತ್ತಾರೆ. ಆ ಆಸೆ ಅರ್ಥವಾಗುತ್ತದೆ. 2018 ಮತ್ತು 2019ರಲ್ಲಿ ಬಂದ ಎರಡು ದೊಡ್ಡ ಅಧ್ಯಯನಗಳು ಇದನ್ನೇ ಪರೀಕ್ಷಿಸಿದವು. ಒಂದರಲ್ಲಿ ರಿವರೋಕ್ಸಬಾನ್, ಇನ್ನೊಂದರಲ್ಲಿ ಡಾಬಿಗಟ್ರಾನ್. ಮತ್ತೆ ಸ್ಟ್ರೋಕ್ ಆಗದಂತೆ ತಡೆಯುವುದರಲ್ಲಿ ಎರಡೂ ಆಸ್ಪಿರಿನ್‌ಗಿಂತ ಮೇಲು ಅನ್ನಿಸಲಿಲ್ಲ, ಮೊದಲಿನದರಲ್ಲಿ ರಕ್ತಸ್ರಾವ ಜಾಸ್ತಿಯೇ ಆಯಿತು. ಹಾಗಾಗಿ ಡಾಕ್ಟರು ಆಸ್ಪಿರಿನ್ ಅಥವಾ ಅದರಂತೆಯೇ ಹೆಪ್ಪು ತಡೆಯುವ ಕ್ಲೋಪಿಡೋಗ್ರೆಲ್, ಜೊತೆಗೆ ಕೊಲೆಸ್ಟ್ರಾಲ್ ಇಳಿಸುವ ಸ್ಟಾಟಿನ್ ಬರೆದಿದ್ದರೆ ನಿಮ್ಮನ್ನು ಸುಮ್ನೆ ಸಾಗಹಾಕಿದ್ದಾರೆ ಅಂದುಕೊಳ್ಳಬೇಡಿ. ಅದನ್ನು ಒಂದು ದಿನವೂ ಬಿಡಬೇಡಿ, ಹಲ್ಲು ಕೀಳಿಸುವುದಿದ್ದರೂ ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ. ಬಿಪಿ ಇಲ್ಲ ಅಂದಿರಿ, ಒಳ್ಳೆಯದು. ಆದರೂ ಮನೆಯಲ್ಲೊಂದು ಬಿಪಿ ಮೆಷಿನ್ ಇಟ್ಟು ಆಗಾಗ ನೋಡಿ ಬರೆದಿಡಿ. 130/80ರ ಕೆಳಗಿದ್ದರೆ ನೆಮ್ಮದಿ.

ಇನ್ನು ರಾತ್ರಿಯ ಭಯ. ಮೊದಲ ಸ್ಟ್ರೋಕ್‌ನಲ್ಲಿ ಪೆಟ್ಟು ತಿಂದ ಕೈ ಸುಸ್ತಾದಾಗ, ಜ್ವರ ಬಂದಾಗ, ನಿದ್ದೆಗೆಟ್ಟಾಗ ಮತ್ತೆ ಜುಮ್ಮೆನ್ನಬಹುದು. ಅದು ಪ್ರತಿ ಸಲವೂ ಹೊಸ ಸ್ಟ್ರೋಕ್ ಅಲ್ಲ. ಆದರೆ ಇದು ಹಳೆಯದಾ ಹೊಸದಾ ಎಂದು ಹಾಸಿಗೆಯಲ್ಲಿ ಕೂತು ತೀರ್ಮಾನ ಮಾಡಲು ಆಗುವುದಿಲ್ಲ. ಹಠಾತ್ತಾಗಿ ಮುಖ ಸೊಟ್ಟಗಾದರೆ, ಒಂದು ಕೈ ಅಥವಾ ಕಾಲು ಸೋತರೆ, ಮಾತು ತೊದಲಿದರೆ, ಕಣ್ಣು ಮಂಜಾದರೆ, ನಿಂತಲ್ಲೇ ತೂರಾಡಿದರೆ ತಕ್ಷಣ 108. ಹೆಪ್ಪು ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಆ ಲೆಕ್ಕ ನೀವು ಕೊನೆಯ ಸಲ ಸರಿಯಾಗಿದ್ದ ಹೊತ್ತಿನಿಂದ ಶುರು. ನೀರು, ಮಾತ್ರೆ ಏನನ್ನೂ ಬಾಯಿಗೆ ಹಾಕುವುದು ಬೇಡ. ನಮ್ಮ ಊರಿನ ಟ್ರಾಫಿಕ್ ಗೊತ್ತಲ್ಲ, ಅದಕ್ಕೆ ಇವತ್ತೇ ಒಂದು ಕೆಲಸ ಮಾಡಿ. ರಾತ್ರಿಯೂ ಸಿಟಿ ಸ್ಕ್ಯಾನ್ ಮಾಡಿ ಈ ಇಂಜೆಕ್ಷನ್ ಕೊಡುವ ಆಸ್ಪತ್ರೆ ಮನೆಗೆ ಹತ್ತಿರ ಯಾವುದಿದೆ ಎಂದು ವಿಚಾರಿಸಿ, ನಂಬರನ್ನೂ ಮಾತ್ರೆಗಳ ಪಟ್ಟಿಯನ್ನೂ ಫ್ರಿಡ್ಜ್ ಮೇಲೆ ಅಂಟಿಸಿ. ಏನು ಮಾಡಬೇಕು ಅಂತ ಮನೆಯವರಿಗೆಲ್ಲ ಗೊತ್ತಿದ್ದರೆ ನೀವೊಬ್ಬರೇ ಎಚ್ಚರ ಇರಬೇಕಾಗಿಲ್ಲ.

ಪ್ರಶ್ನೆ: ನಮ್ಮ ಯಜಮಾನರಿಗೆ ಸ್ಟ್ರೋಕ್ ಆಗಿ ಆರು ತಿಂಗಳಾಯಿತು. ಕೈಕಾಲು ಚೆನ್ನಾಗಿದೆ, ನಡೆಯುತ್ತಾರೆ, ಮಾತಾಡುತ್ತಾರೆ. ಆದರೆ ಸ್ನಾನ ಮಾಡಿ ತಿಂಡಿ ತಿಂದರೆ ಮುಗಿಯಿತು, ಮಲಗಿಬಿಡುತ್ತಾರೆ. ಸೀರಿಯಲ್ ನೋಡುತ್ತಾ ಅಳುತ್ತಾರೆ. ಸೋಮಾರಿತನವೋ ಕಾಯಿಲೆಯೋ ತಿಳಿಯುತ್ತಿಲ್ಲ. (ರಾಜಾಜಿನಗರ)

ಸೋಮಾರಿತನ ಖಂಡಿತ ಅಲ್ಲ. ಸ್ಟ್ರೋಕ್ ಆದವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ಇಂಥ ಸುಸ್ತು ಇರುತ್ತದೆ. ಸ್ಟ್ರೋಕ್ ಸಣ್ಣದಾದರೂ ಸುಸ್ತು ದೊಡ್ಡದಾಗಿರಬಹುದು. ನೋಡಲು ಆರಾಮಾಗಿ ಕಾಣುವವರಿಗೇ ಕಷ್ಟ ಜಾಸ್ತಿ, ಯಾಕೆಂದರೆ ಯಾರೂ ನಂಬುವುದಿಲ್ಲ.

ದಿನವನ್ನು ತುಂಡು ಮಾಡಿ. ಸ್ನಾನ, ತಿಂಡಿ, ವಾಕಿಂಗ್, ಫಿಸಿಯೋ ಎಲ್ಲವನ್ನೂ ಬೆಳಿಗ್ಗೆಯೇ ಮುಗಿಸುವ ಅಭ್ಯಾಸ ನಮ್ಮಲ್ಲಿದೆ. ಅದನ್ನು ಬಿಟ್ಟು ಒಂದು ಕೆಲಸ, ಆಮೇಲೆ ಇಪ್ಪತ್ತು ನಿಮಿಷ ವಿಶ್ರಾಂತಿ, ಮತ್ತೆ ಇನ್ನೊಂದು. ಸುಸ್ತಾದ ಮೇಲೆ ಮಲಗುವುದಲ್ಲ, ಸುಸ್ತಾಗುವ ಮೊದಲೇ ಕೂರುವುದು. ಗದ್ದಲವೂ ಮಿದುಳನ್ನು ದಣಿಸುತ್ತದೆ. ಕುಕ್ಕರ್ ವಿಷಲ್, ಟಿವಿ, ಹೊರಗೆ ಬೋರ್‌ವೆಲ್ ಕೊರೆಯುವ ಶಬ್ದ, ಜೊತೆಗೆ ಭಾನುವಾರ ನಾಲ್ಕು ಜನ ನೆಂಟರು. ಯಜಮಾನರು ಎದ್ದು ಒಳಗೆ ಹೋದರೆ ಬಂದವರು ಬೇಜಾರು ಮಾಡಿಕೊಳ್ಳಲಿ, ಪರವಾಗಿಲ್ಲ. ಆದರೆ ಎಲ್ಲ ಸುಸ್ತನ್ನೂ ಸ್ಟ್ರೋಕ್ ಲೆಕ್ಕಕ್ಕೇ ಹಾಕಬೇಡಿ. ಹಿಮೋಗ್ಲೋಬಿನ್, ಥೈರಾಯ್ಡ್, ಬಿ12 ಮಾಡಿಸಿ. ಗೊರಕೆ ಹೊಡೆಯುತ್ತಾ ನಡುವೆ ಉಸಿರು ನಿಲ್ಲುತ್ತಿದ್ದರೆ ಡಾಕ್ಟರಿಗೆ ಹೇಳಲೇಬೇಕು.

ಅಳುವಿನ ಬಗ್ಗೆ ಎರಡು ಸಾಧ್ಯತೆ ಇದೆ. ದುಃಖವೇ ಇಲ್ಲದೆ ತಟ್ಟನೆ ಅಳು ಬಂದು ತಟ್ಟನೆ ನಿಂತರೆ, ಅದು ಭಾವನೆಯ ಹಿಡಿತ ತಪ್ಪಿದ್ದು. ಆಗ ಸಮಾಧಾನ ಮಾಡಲು ಹೋಗಬೇಡಿ, ಮಾತು ಬದಲಿಸಿ, ಹೋಗುತ್ತದೆ. ದಿನವಿಡೀ ಮಂಕಾಗಿದ್ದರೆ, ಯಾವುದರಲ್ಲೂ ಆಸಕ್ತಿ ಇಲ್ಲದಿದ್ದರೆ, ಬದುಕಿ ಏನು ಪ್ರಯೋಜನ ಎಂದರೆ ಅದು ಖಿನ್ನತೆ ಇರಬಹುದು. ಸ್ಟ್ರೋಕ್ ಆದವರಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಅದು ಬರುತ್ತದೆ. ಚಿಕಿತ್ಸೆ ಇದೆ, ಕಾಯಬೇಡಿ. ನಿಮ್ಹಾನ್ಸ್‌ಗೆ ಹೋಗಿ ಅಂದರೆ ಇವತ್ತಿಗೂ ಕೆಲವರ ಮುಖ ಬಾಡುತ್ತದೆ, ಅದು ನನಗೆ ನಿಜಕ್ಕೂ ನೋವು ಕೊಡುತ್ತದೆ. ಅಲ್ಲಿ ನರರೋಗ, ಮನೋರೋಗ, ಪುನರ್ವಸತಿ ಮೂರೂ ಒಂದೇ ಕಡೆ ಇವೆ.

ಪ್ರಶ್ನೆ: ಸ್ಟ್ರೋಕ್ ನಂತರ ಎಡಗಡೆ ಏನಿದೆ ಅಂತ ಸರಿಯಾಗಿ ಕಾಣುವುದಿಲ್ಲ. ಮತ್ತೆ ಕೆಲಸಕ್ಕೆ ಹೋಗಬೇಕು. ಮನೆ ವಿಜಯನಗರ, ಆಫೀಸು ಎಂ.ಜಿ. ರೋಡ್. ಸ್ಕೂಟರ್‌ನಲ್ಲಿ ನಿಧಾನವಾಗಿ ಹೋಗಬಹುದಾ? (ವಿಜಯನಗರ)

ಬೇಡ. ಕಣ್ಣಿನ ಡಾಕ್ಟರು ಪೆರಿಮೆಟ್ರಿ (ಯಾವ ಕಡೆ ಎಷ್ಟು ಅಗಲಕ್ಕೆ ಕಾಣುತ್ತದೆ ಎಂದು ಅಳೆಯುವ ಪರೀಕ್ಷೆ) ಮಾಡಿ, ಓಡಿಸಬಹುದು ಎಂದು ಹೇಳುವವರೆಗೆ ಸ್ಕೂಟರ್ ಮುಟ್ಟಬೇಡಿ. ನಿಧಾನ ಹೋದ ಮಾತ್ರಕ್ಕೆ, ಎಡಗಡೆಯಿಂದ ನುಗ್ಗುವ ಆಟೋ ಕಾಣುವುದಿಲ್ಲ ಎನ್ನುವುದು ಬದಲಾಗುವುದಿಲ್ಲ. ನಿಮ್ಮ ಅದೃಷ್ಟಕ್ಕೆ ಎರಡೂ ಕಡೆ ನೇರಳೆ ಮಾರ್ಗದ ಮೆಟ್ರೋ ಇದೆ, ಗಾಡಿ ಬದಲಿಸುವ ಗೋಜಿಲ್ಲ. ನೂಕುನುಗ್ಗಲಿನ ಹೊತ್ತು ತಪ್ಪಿಸಿ ಹನ್ನೊಂದಕ್ಕೆ ಬರುತ್ತೇನೆ ಎಂದು ಆಫೀಸಿನಲ್ಲಿ ಕೇಳಿ, ಮೊದಲು ಅರ್ಧ ದಿನವೇ ಸಾಕು.

ರಸ್ತೆ ದಾಟುವುದು ಹೆಚ್ಚು ಅಪಾಯ. ನಮ್ಮಲ್ಲಿ ಮೊದಲ ಅರ್ಧಕ್ಕೆ ಗಾಡಿಗಳು ಬಲದಿಂದ ಬರುತ್ತವೆ, ಅವು ನಿಮಗೆ ಕಾಣುತ್ತವೆ. ಡಿವೈಡರ್ ದಾಟಿದ ಮೇಲೆ ಬರುವುದು ಎಡದಿಂದ, ಅಂದರೆ ನಿಮಗೆ ಕಾಣದ ಕಡೆಯಿಂದ. ಡಿವೈಡರ್ ಹತ್ತಿರ ನಿಂತು, ಗಲ್ಲ ಎಡ ಭುಜ ಮುಟ್ಟುವಷ್ಟು ತಲೆ ತಿರುಗಿಸಿ ನೋಡಿ, ಆಮೇಲೆ ಹೆಜ್ಜೆ. ಒನ್‌ವೇಯಲ್ಲಿ ಎದುರು ಬರುವವರು, ಫುಟ್‌ಪಾತ್ ಮೇಲೆ ಬರುವ ಬೈಕುಗಳು ಇದ್ದೇ ಇರುತ್ತವೆ. ಆದ್ದರಿಂದ ಮೊದಲ ಕೆಲವು ವಾರ ಯಾರನ್ನಾದರೂ ಜೊತೆಗೆ ಕರೆದುಕೊಳ್ಳಿ, ಅವರು ನಿಮ್ಮ ಎಡಕ್ಕೆ ನಡೆಯಲಿ. ಓದುವಾಗ ಸಾಲಿನ ಮೊದಲ ಪದ ತಪ್ಪಿಹೋಗುತ್ತಿದ್ದರೆ ಪುಟದ ಎಡ ಅಂಚಿಗೆ ದಪ್ಪ ಕೆಂಪು ಗೆರೆ ಎಳೆದು, ಪ್ರತಿ ಸಾಲಿಗೂ ಆ ಗೆರೆ ಕಂಡ ಮೇಲೆಯೇ ಓದಲು ಶುರುಮಾಡಿ.

ಪ್ರಶ್ನೆ: ಊರಲ್ಲಿ ಲಕ್ವಕ್ಕೆ ಎಣ್ಣೆ ಕೊಡುತ್ತಾರೆ, ಇಂಗ್ಲಿಷ್ ಮಾತ್ರೆ ನಿಲ್ಲಿಸಿ ಎನ್ನುತ್ತಾರೆ. ತಂದೆಯವರನ್ನು ಕರೆದುಕೊಂಡು ಹೋಗಬಹುದಾ? (ಯಲಹಂಕ)

ಮಾತ್ರೆ ನಿಲ್ಲಿಸಿ ಎನ್ನುವವರ ಹತ್ತಿರ ಹೋಗಲೇಬೇಡಿ. ಪಾರಿವಾಳದ ರಕ್ತ ಹಚ್ಚುವವರೂ ಇದ್ದಾರೆ, ಅದರಿಂದ ಯಾವ ಉಪಯೋಗವೂ ಇಲ್ಲ. ಮನೆಯಲ್ಲಿ ಮೆಲ್ಲಗೆ ಎಣ್ಣೆ ಸವರುವುದಕ್ಕೆ ನನ್ನ ಅಡ್ಡಿ ಇಲ್ಲ, ಹಿತವಾಗಿರುತ್ತದೆ. ಆದರೆ ಸ್ಪರ್ಶ ಗೊತ್ತಾಗದ ಕೈಗೆ ಬಿಸಿ ಎಣ್ಣೆ ಹಾಕಿದರೆ ಬೊಬ್ಬೆ ಬಂದ ಮೇಲೆಯೇ ತಿಳಿಯುವುದು. ಎಣ್ಣೆಯ ಬಿಸಿಯನ್ನು ಮೊದಲು ನಿಮ್ಮ ಮುಂಗೈ ಮೇಲೆ ನೋಡಿ. ಸೋತ ಕೈಯನ್ನು ಹಿಡಿದು ಎಳೆಯಬಾರದು, ಕಂಕುಳಿಗೆ ಕೈ ಹಾಕಿ ಎಬ್ಬಿಸಲೂ ಬಾರದು, ಭುಜದ ಕೀಲು ಜಾರಬಹುದು.

ಇನ್ನೊಂದು, ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಕಟಿಂಗ್ ಆದ ಮೇಲೆ ಸಲೂನ್‌ನಲ್ಲಿ ತಲೆ ಹಿಡಿದು ಕತ್ತಿನ ನೆಟಿಗೆ ತೆಗೆಯುತ್ತಾರಲ್ಲ, ಅದರಿಂದ ಕತ್ತಿನ ರಕ್ತನಾಳದ ಒಳಪದರ ಸೀಳಿ ಸ್ಟ್ರೋಕ್ ಆಗಬಹುದು. ಅಪರೂಪ, ಆದರೆ ಆಗುತ್ತದೆ, ಚಿಕ್ಕ ವಯಸ್ಸಿನವರಿಗೂ. ತಂದೆಯವರಿಗೆ ಮಾತ್ರ ಅಲ್ಲ, ನೀವೂ ಕುರ್ಚಿಯಲ್ಲಿ ಕೂತ ತಕ್ಷಣವೇ ಕತ್ತು ಮುಟ್ಟಬೇಡಿ ಎಂದು ಹೇಳಿಬಿಡಿ.