ಹಿಮೋಗ್ಲೋಬಿನ್ 9.4 ಇರುವಾಗ ಟಮ್ಮಿ ಟಕ್ ಮಾಡಿಸಬಹುದಾ?

ಮಾಡಿಸಬಹುದು, ಆದರೆ ಈಗ ಬೇಡ. ಹೊಟ್ಟೆಯ ಜೋತುಬಿದ್ದ ಚರ್ಮ ತೆಗೆಸುವ ಈ ಆಪರೇಷನ್‌ಗೆ ಮುಂದಿನ ತಿಂಗಳು ದಿನ ನಿಗದಿಯಾಗಿದೆ, ಹಿಮೋಗ್ಲೋಬಿನ್ 9.4 ಬಂದಿದೆ, ಕ್ಲಿನಿಕ್‌ನವರು "ಐರನ್ ಮಾತ್ರೆ ತಗೊಂಡು ಬನ್ನಿ, ಏನೂ ಆಗಲ್ಲ" ಅಂದಿದ್ದಾರೆ ಎಂದು ಬರೆದಿದ್ದೀರಿ. ನಾನು ಡಾಕ್ಟರ್ ಅಲ್ಲ. ಇದೇ ಆಪರೇಷನ್‌ಗೆ ಅಂತ ಹೋಗಿ, ಇದೇ ಕಾರಣಕ್ಕೆ ವಾಪಸ್ ಬಂದು, ರಕ್ತ ಸರಿಮಾಡಿಕೊಂಡ ಮೇಲೆ ಮಾಡಿಸಿಕೊಂಡವಳು.

ನನ್ನನ್ನು ತಡೆದದ್ದು ಅನಸ್ತೇಷಿಯಾ ಡಾಕ್ಟರ್. ರಿಪೋರ್ಟ್ ಬಿಚ್ಚುವ ಮೊದಲೇ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು. ಅಂಗೈ ತಿರುಗಿಸಿ ಬಿಳಿಚಿದೆಯಾ ಅಂತ ನೋಡಿದರು. ಆಮೇಲೆ "ಐಸ್ ಕಟಕಟ ಅಂತ ಅಗಿಯೋ ಚಪಲ ಏನಾದ್ರೂ ಇದೆಯಾ?" ಎಂದು ಕೇಳಿದರು. ನನಗೋ ಆಶ್ಚರ್ಯ. ಮನೆಯಲ್ಲಿ ಐಸ್ ಟ್ರೇ ಖಾಲಿ ಮಾಡುತ್ತಿದ್ದವಳು ನಾನೇ! ಮೈಯಲ್ಲಿ ಕಬ್ಬಿಣಾಂಶ ತೀರಾ ಇಳಿದಾಗ ಕೆಲವರಿಗೆ ಹೀಗೆ ಐಸ್ ಮೇಲೆ ಆಸೆ ಹುಟ್ಟುತ್ತದಂತೆ. ಆಮೇಲೆ ಮುಟ್ಟಿನ ವಿಷಯ. ಎಷ್ಟು ದಿನ ಹೋಗುತ್ತದೆ, ಪ್ಯಾಡ್ ಎಷ್ಟು ಹೊತ್ತಿಗೆ ಬದಲಿಸುತ್ತೀರಿ, ಗಂಟು ಗಂಟಾಗಿ ಹೋಗುತ್ತದಾ? ಅಲ್ಲಿಯವರೆಗೆ ನನ್ನ ಹೊಟ್ಟೆಯ ಫೋಟೋವನ್ನು ಎಲ್ಲ ಕಡೆಯಿಂದಲೂ ತೆಗೆದಿದ್ದರು, ಇದನ್ನು ಮಾತ್ರ ಯಾರೂ ಕೇಳಿರಲಿಲ್ಲ.

ಈಗ ನಿಮ್ಮ ನಂಬರ್ ನೋಡೋಣ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಗರ್ಭಿಣಿಯಲ್ಲದ ಹೆಂಗಸರಿಗೆ 12ಕ್ಕಿಂತ ಕಡಿಮೆ, ಗಂಡಸರಿಗೆ 13ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. 8ರಿಂದ 11ರ ಒಳಗೆ ಇದ್ದರೆ ಅದು ಮಧ್ಯಮ ಮಟ್ಟದ್ದು. ಹಾಗಾಗಿ 9.4 ಅನ್ನುವುದು "ಸ್ವಲ್ಪ ಕಡಿಮೆ" ಅಲ್ಲ. ಟಮ್ಮಿ ಟಕ್‌ನಲ್ಲಿ ಹೊಟ್ಟೆಯ ಚರ್ಮವನ್ನು ಅಗಲವಾಗಿ ಬಿಡಿಸಿ, ಕೆಳಗೆ ಎಳೆದು ಹೊಲಿಯುತ್ತಾರೆ. ಆ ಹೊಲಿಗೆಯ ನಡುಭಾಗಕ್ಕೆ ಮೊದಲೇ ರಕ್ತ ಹರಿಯುವುದು ಕಷ್ಟ. ಗಾಯ ಕೂಡಿಕೊಳ್ಳಲು ಆಮ್ಲಜನಕ ಬೇಕು, ಅದನ್ನು ಹೊತ್ತು ತರುವುದೇ ಹಿಮೋಗ್ಲೋಬಿನ್. ಆಪರೇಷನ್‌ನಲ್ಲಿ ರಕ್ತ ಹೋಗುತ್ತದೆ, ಮುಗಿದ ಮೇಲೂ ಒಳಗೆ ಜಿನುಗುತ್ತದೆ, ಡ್ರಿಪ್ ಹಾಕಿದ್ದರಿಂದ ಇರುವ ರಕ್ತವೂ ತೆಳುವಾಗುತ್ತದೆ. 12 ಇದ್ದವರು 10ಕ್ಕೆ ಇಳಿದರೆ ತಡೆದುಕೊಳ್ಳುತ್ತಾರೆ. 9.4ರಿಂದ ಇಳಿಯಲು ನಿಮಗೆ ಜಾಗ ಎಲ್ಲಿದೆ?

ಇನ್ನೊಂದು ವಿಷಯ ಜಾಸ್ತಿ ಜನ ಹೇಳುವುದಿಲ್ಲ. ಈ ಆಪರೇಷನ್ ಆದ ಮೇಲೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟದಿರಲಿ ಅಂತ ಬೇಗ ಎದ್ದು ಓಡಾಡಿಸುತ್ತಾರೆ. ಎದ್ದು ನಿಂತ ಕೂಡಲೇ ತಲೆ ಸುತ್ತಿದರೆ ಓಡಾಡುವುದು ಹೇಗೆ?

"ಬೆರಳಿಗೆ ಹಾಕುವ ಮಿಷಿನ್‌ನಲ್ಲಿ ಆಕ್ಸಿಜನ್ 99 ತೋರಿಸುತ್ತೆ" ಅಂತಲೂ ಬರೆದಿದ್ದೀರಿ. ಹಿಮೋಗ್ಲೋಬಿನ್ ಬಸ್ಸು, ಆಮ್ಲಜನಕ ಪ್ರಯಾಣಿಕರು ಅಂದುಕೊಳ್ಳಿ. ಇರುವ ಬಸ್ಸುಗಳೆಲ್ಲ ತುಂಬಿವೆ ಅಂತಷ್ಟೇ ಆ ಮಿಷಿನ್ ಹೇಳುತ್ತದೆ, ಬಸ್ಸು ಎಷ್ಟಿವೆ ಅಂತ ಹೇಳುವುದಿಲ್ಲ. ಅದನ್ನು ನೋಡಿ ಧೈರ್ಯ ತಂದುಕೊಳ್ಳಬೇಡಿ.

ಇನ್ನು "ಐರನ್ ಮಾತ್ರೆ ತಗೊಂಡು ಬನ್ನಿ" ಅನ್ನುವ ಮಾತು. ನನಗೆ ಸಿಟ್ಟು ಬರುವುದೇ ಇಲ್ಲಿ. ಯಾವ ರಕ್ತಹೀನತೆ ಅಂತ ನೋಡಿದ್ದಾರಾ? ಮೈಯಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟಿದೆ ಅಂತ ತಿಳಿಯಲು ಫೆರಿಟಿನ್ ಅಂತ ಒಂದು ಪರೀಕ್ಷೆ ಇದೆ. ಅದು 30ಕ್ಕಿಂತ ಕಡಿಮೆ ಬಂದರೆ ಕಬ್ಬಿಣದ ಕೊರತೆ ಅಂತ ಸಾಮಾನ್ಯವಾಗಿ ತೀರ್ಮಾನಿಸುತ್ತಾರೆ. ವಿಟಮಿನ್ ಬಿ12 ಕೊರತೆಯಾಗಿದ್ದರೆ ಐರನ್ ನುಂಗಿ ಪ್ರಯೋಜನವಿಲ್ಲ. ಥಲಸ್ಸೀಮಿಯಾ ಮೈನರ್ ಅನ್ನುವ, ಹುಟ್ಟಿನಿಂದ ಬರುವ ರಕ್ತದ ದೋಷ ಇದ್ದರೆ ಕೆಂಪು ರಕ್ತಕಣ ಚಿಕ್ಕದಾಗಿ ಕಂಡು ಕಬ್ಬಿಣದ ಕೊರತೆಯ ಹಾಗೇ ಅನಿಸುತ್ತದೆ, ಆದರೆ ಸುಮ್ನೆ ಮಾತ್ರೆ ನುಂಗಿದರೆ ಸರಿಹೋಗಲ್ಲ. ಗಂಡಸರಲ್ಲಿ ಮತ್ತು ಮುಟ್ಟು ನಿಂತವರಲ್ಲಿ ಕಬ್ಬಿಣ ಇಳಿದಿದ್ದರೆ ಹೊಟ್ಟೆ, ಕರುಳಿನಲ್ಲಿ ಎಲ್ಲಾದರೂ ರಕ್ತ ಸೋರುತ್ತಿದೆಯಾ ಅಂತ ನೋಡಲೇಬೇಕು.

ನನ್ನದು ಕಬ್ಬಿಣದ ಕೊರತೆಯೇ, ಕಾರಣ ಮುಟ್ಟು. ಮೊದಲು ಅದಕ್ಕೆ ಚಿಕಿತ್ಸೆಯಾಯಿತು. ಮಾತ್ರೆಯನ್ನು ದಿನ ಬಿಟ್ಟು ದಿನ ಕೊಟ್ಟರು. ಒಂದು ಮಾತ್ರೆ ಒಳಗೆ ಹೋದರೆ ಹೆಪ್ಸಿಡಿನ್ ಎಂಬ ಹಾರ್ಮೋನ್ ಏರಿ, ಮರುದಿನದ ಮಾತ್ರೆ ಸರಿಯಾಗಿ ಹೀರಲು ಬಿಡುವುದಿಲ್ಲವಂತೆ. ಕಾಫಿ, ಟೀ, ಕ್ಯಾಲ್ಸಿಯಂ ಮಾತ್ರೆ ಅದರ ಜೊತೆ ಬೇಡ. ಮಲ ಕಪ್ಪಾಗುತ್ತದೆ, ಗಾಬರಿ ಬೇಡ. ಮಾತ್ರೆ ಒಗ್ಗದವರಿಗೆ, ಟೈಮ್ ಇಲ್ಲದವರಿಗೆ ಡ್ರಿಪ್‌ನಲ್ಲಿ ಐರನ್ ಕೊಡುತ್ತಾರೆ. ಅದಕ್ಕೂ ಕೆಲವು ವಾರ ಬೇಕು, ರಾತ್ರೋರಾತ್ರಿ ಏರುವುದಿಲ್ಲ. ರಕ್ತ ಹಾಕಿಸಿಕೊಂಡು ಮಾಡಿಸೋಣ ಅಂತ ಯಾರಾದರೂ ಅಂದರೆ ಒಪ್ಪಬೇಡಿ. ಒಂದು ಯೂನಿಟ್ ರಕ್ತಕ್ಕೆ ಹಿಮೋಗ್ಲೋಬಿನ್ ಏರುವುದು ಸುಮಾರು 1 ಅಷ್ಟೇ, ಅಂದಕ್ಕೋಸ್ಕರ ಅದರ ಅಪಾಯ ಯಾಕೆ?

ಎಷ್ಟಕ್ಕೆ ಬಂದರೆ ಸಾಕು? ರಕ್ತ ಜಾಸ್ತಿ ಹೋಗುವ ಆಪರೇಷನ್‌ಗಳಿಗೆ ಗಂಡು ಹೆಣ್ಣು ಇಬ್ಬರಿಗೂ 13 ಇರಲಿ ಎಂದು 2017ರಲ್ಲಿ ಅಂತರರಾಷ್ಟ್ರೀಯ ತಜ್ಞರ ತಂಡವೊಂದು ಹೇಳಿದೆ. ನನ್ನ ಡಾಕ್ಟರ್ 12 ದಾಟಿದ ಮೇಲೆ ಒಪ್ಪಿದರು. ನಿಮ್ಮದನ್ನು ನಿಮ್ಮ ಡಾಕ್ಟರ್ ಹೇಳಬೇಕು. ಜಾಗ ಮಾತ್ರ ಮರಗಟ್ಟಿಸಿ ಮಚ್ಚೆ ತೆಗೆಸುವಂಥ ಸಣ್ಣ ಕೆಲಸಕ್ಕೆ ಇಷ್ಟೆಲ್ಲ ಕಟ್ಟುನಿಟ್ಟು ಇರುವುದಿಲ್ಲ. ಆದರೆ "ಹೇಗೂ ಮಲಗಿರ್ತೀರಲ್ಲ, ಲೈಪೋಸಕ್ಷನ್ನೂ ಸೇರಿಸೋಣ" ಅಂತ ಕೊಬ್ಬು ಹೀರಿ ತೆಗೆಯುವ ಮಾತಾಡಿದರೆ ಖಂಡಿತ ಬೇಡ ಅನ್ನಿ.

ಸದ್ಯ ದಿನ ಮುಂದೆ ಹಾಕಿಸಿ. ಸಿಬಿಸಿ (ರಕ್ತಕಣಗಳ ಎಣಿಕೆ), ಫೆರಿಟಿನ್, ಬಿ12 ಪರೀಕ್ಷೆ ಮಾಡಿಸಿ ಫಿಸಿಷಿಯನ್‌ಗೆ ತೋರಿಸಿ. ಅನಸ್ತೇಷಿಯಾ ಕೊಡುವವರು ಯಾರು, ಅವರ ಹತ್ತಿರ ಮೊದಲೇ ಮಾತಾಡಬಹುದಾ ಅಂತ ಕ್ಲಿನಿಕ್‌ನಲ್ಲಿ ಕೇಳಿ. ಮೆಟ್ಟಿಲು ಹತ್ತಿದರೆ ಏದುಸಿರು, ಸುಮ್ಮನೆ ಕೂತಿದ್ದರೂ ಎದೆ ಹೊಡೆದುಕೊಳ್ಳುವುದು ಇದ್ದರೆ ಆಪರೇಷನ್ ಮಾತು ಬಿಡಿ, ನಾಳೆಯೇ ಡಾಕ್ಟರ್ ಹತ್ತಿರ ಹೋಗಿ.