ಫಜಲ್ ದೀನನ ತೊದಲು

ಉರ್ದು ಕತೆಗಾರ ಸಾದತ್ ಹಸನ್ ಮಂಟೋನ 'ಟೋಬಾ ಟೇಕ್ ಸಿಂಗ್' ಕತೆಯಲ್ಲಿ ಕೊಲೆ, ಅತ್ಯಾಚಾರ ಯಾವುದೂ ಇಲ್ಲವಲ್ಲ, ಇದನ್ನು ದೇಶವಿಭಜನೆಯ ಗಾಯದ ಕತೆ ಅಂತ ಹೇಗೆ ಕರೀತಾರೆ ಅಂತ ಕೇಳಿದ್ದೀರಿ. ಗಾಯ ಇದೆ ಸರ್, ಆದರೆ ಮಾತು ನಿಂತುಹೋಗುವ ಜಾಗದಲ್ಲಿದೆ.

ಲಾಹೋರಿನ ಹುಚ್ಚಾಸ್ಪತ್ರೆಯಲ್ಲಿರುವ ಸಿಖ್ ರೋಗಿ ಬಿಶನ್ ಸಿಂಗನನ್ನು ನೋಡಲು ಹಳೇ ಗೆಳೆಯ ಫಜಲ್ ದೀನ್ ಬರುವ ಭಾಗವನ್ನು ಇನ್ನೊಮ್ಮೆ ನಿಧಾನವಾಗಿ ಓದಿ. ಮನೆಯವರೆಲ್ಲ ಕ್ಷೇಮವಾಗಿ ಹಿಂದೂಸ್ತಾನಕ್ಕೆ ಹೋದರು ಅನ್ನುತ್ತಾನೆ. 'ನಿನ್ನ ಮಗಳು ರೂಪ್ ಕೌರ್...' ಅಂದವನು ಅಲ್ಲೇ ತಡೆಯುತ್ತಾನೆ. ಆಮೇಲೆ ತಡವರಿಸಿ, ಅವಳೂ ಚೆನ್ನಾಗಿದ್ದಾಳೆ, ಅವರ ಜೊತೆಗೇ ಹೋದಳು ಅನ್ನುತ್ತಾನೆ. ಅದೇ ಮನುಷ್ಯ ಎಮ್ಮೆ ಕರು ಆರು ದಿನಕ್ಕೇ ಸತ್ತಿದ್ದನ್ನು ಸಲೀಸಾಗಿ ಹೇಳುತ್ತಾನೆ! ಕರುವಿನ ಸಾವು ಹೇಳಬಹುದು, ಮಗಳ ಸುದ್ದಿ ಹೇಳಲಾಗದು. ನನಗಂತೂ ಇಡೀ ಕತೆಯಲ್ಲಿ ಎದೆ ಹಿಂಡುವ ಜಾಗ ಇದೇ. ರೂಪ್ ಕೌರ್‌ಗೆ ಏನಾಯಿತೆಂದು ಮಂಟೋ ಕೊನೆವರೆಗೂ ಹೇಳುವುದಿಲ್ಲ.

ಆ ಕಾಲದಲ್ಲಿ ಎರಡೂ ಕಡೆ ಸಾವಿರಾರು ಹೆಣ್ಣುಮಕ್ಕಳ ಅಪಹರಣವಾಗಿತ್ತು. ಅವರನ್ನು ಹುಡುಕಿ ವಾಪಸ್ ತರಲು ಭಾರತ 1949ರಲ್ಲಿ ಕಾನೂನೇ ಮಾಡಿತು. ಬರಲು ಒಲ್ಲೆ ಎಂದವರ ಮಾತಿಗೆ ಅದರಲ್ಲಿ ಬೆಲೆ ಇರಲಿಲ್ಲ. ಮನೆಗಳಲ್ಲೂ ಈ ವಿಷಯ ಬಾಯಿಗೆ ಬರುತ್ತಿರಲಿಲ್ಲ. ಲೇಖಕಿ ಊರ್ವಶಿ ಬುಟಾಲಿಯಾ ವಿಭಜನೆಯಲ್ಲಿ ಬದುಕುಳಿದವರನ್ನು ಮಾತಾಡಿಸಿ ಬರೆದ ಪುಸ್ತಕ ಬಂದದ್ದು 1998ರಲ್ಲಿ. ಮಂಟೋ ತೀರಿಕೊಂಡು ಆಗಲೇ 43 ವರ್ಷ.

ಬಿಶನ್ ಸಿಂಗನ ಅರ್ಥವಿಲ್ಲದ ಬಡಬಡಿಕೆಯನ್ನೂ ಗಮನಿಸಿ. ಅದರ ಬಾಲದಲ್ಲಿ ಒಮ್ಮೆ ಪಾಕಿಸ್ತಾನ ಸರ್ಕಾರ ಬರುತ್ತೆ, ಇನ್ನೊಮ್ಮೆ ಅವನ ಊರಾದ ಟೋಬಾ ಟೇಕ್ ಸಿಂಗ್‌ನ ಹೆಸರು.