ಕಾರಿಗೆ ಜಾಗವಿಲ್ಲವೇ? ನಡೆದೇ ಹತ್ತಿ

ಪ್ರಶ್ನೆ: ಮಗಳು ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿದ್ದಾಳೆ. ಜುಲೈನಲ್ಲಿ ನಾನೂ ನಮ್ಮ ಯಜಮಾನರೂ ಅವಳ ಜೊತೆ ಬಾಡಿಗೆ ಕಾರಿನಲ್ಲಿ ಮಲ್, ಅಯೋನಾ ದ್ವೀಪಗಳಿಗೆ ಹೋಗುವುದೆಂದಿತ್ತು. ಓಬನ್ ಬಂದರಿನಿಂದ ಹೊರಡುವ ಫೆರಿಯಲ್ಲಿ (ಜನರನ್ನೂ ವಾಹನಗಳನ್ನೂ ದಾಟಿಸುವ ಹಡಗು) ಕಾರಿಗೆ ಜಾಗವೇ ಇಲ್ಲವಂತೆ. ಆಸೆ ಬಿಡಬೇಕೇ?
– ಓದುಗರೊಬ್ಬರು, ಹಾಸನ

ಉತ್ತರ: ಯಾಕಮ್ಮಾ ಬಿಡಬೇಕು? ಭರ್ತಿಯಾಗಿರುವುದು ಕಾರುಗಳ ಜಾಗ, ಮನುಷ್ಯರದ್ದಲ್ಲ. ಬೇಸಿಗೆಯಲ್ಲಿ ವಾಹನಗಳ ಬುಕಿಂಗ್ ಬೇಗ ಮುಗಿಯುತ್ತದೆ. ನಡೆದು ಹತ್ತುವವರಿಗೆ ಸಾಮಾನ್ಯವಾಗಿ ಜಾಗ ಸಿಗುತ್ತದೆ. ಕಾರು ಗ್ಲಾಸ್ಗೋದಲ್ಲೇ ಇರಲಿ.

ಅಲ್ಲಿನ ಕ್ವೀನ್ ಸ್ಟ್ರೀಟ್ ನಿಲ್ದಾಣದಿಂದ ರೈಲು ಹಿಡಿದರೆ ಮೂರು ಗಂಟೆ ಚಿಲ್ಲರೆಯಲ್ಲಿ ಓಬನ್. ರೈಲಿಳಿದರೆ ಫೆರಿ ಕಟ್ಟೆ ಪಕ್ಕದಲ್ಲೇ. ಅಲ್ಲಿಂದ ಮಲ್‌ನ ಕ್ರೇಗ್ನೂರ್‌ಗೆ ಮುಕ್ಕಾಲು ಗಂಟೆಗಿಂತ ತುಸು ಹೆಚ್ಚು. ಒಳಗೆ ಕೂರಬೇಡಿ, ಜಾಕೆಟ್ ಹಾಕಿಕೊಂಡು ಮೇಲಿನ ಡೆಕ್ಕಿಗೆ ಹೋಗಿ, ಎಡಗಡೆ ನಿಲ್ಲಿ: ದ್ವೀಪ ಹತ್ತಿರವಾದಾಗ ಡ್ಯೂಅರ್ಟ್ ಕೋಟೆ ಬಂಡೆಯ ತುದಿಯಲ್ಲಿ ಕಾಣುತ್ತದೆ.

ಕ್ರೇಗ್ನೂರ್‌ನಿಂದ ಮಲ್‌ನ ಇನ್ನೊಂದು ತುದಿಯ ಫಿಯನ್‌ಫರ್ಟ್‌ಗೆ ಬಸ್ಸು, ಒಂದು ಗಂಟೆಗೂ ಮೀರಿದ ದಾರಿ. ಬಹುಪಾಲು ಒಂದೇ ವಾಹನದ ಅಗಲದ ರಸ್ತೆ; ಎದುರಿನವರು ಬಂದರೆ ಅಲ್ಲಲ್ಲಿ ಬಿಟ್ಟಿರುವ ಜಾಗದಲ್ಲಿ ಸರಿದು ನಿಲ್ಲಬೇಕು, ಕೆಲವೊಮ್ಮೆ ಕುರಿಗಳಿಗೂ. ಮಗಳು ಸ್ಟೀರಿಂಗ್ ಹಿಡಿದು ಬೆವರುವುದಕ್ಕಿಂತ ಬಸ್ಸಿನ ಚಾಲಕನ ಕೈಗೆ ಬಿಡುವುದೇ ವಾಸಿ. ಬಸ್ಸುಗಳು ಕಡಿಮೆ, ವಾಪಸು ಕೊನೆಯ ಬಸ್ಸಿನ ಸಮಯ ಮೊದಲೇ ಬರೆದಿಟ್ಟುಕೊಳ್ಳಿ.

ಫಿಯನ್‌ಫರ್ಟ್‌ನಿಂದ ಅಯೋನಾಗೆ ಇನ್ನೊಂದು ಫೆರಿ, ಸುಮಾರು ಹತ್ತೇ ನಿಮಿಷ. ಪ್ರವಾಸಿಗರ ಕಾರನ್ನು ಅಲ್ಲಿಗೆ ಬಿಡುವುದೇ ಇಲ್ಲ, ಹಾಗಾಗಿ ಕಾರಿದ್ದಿದ್ದರೂ ನೀವು ನಡೆಯಲೇಬೇಕಿತ್ತು! ಕ್ರಿ.ಶ. 563ರಲ್ಲಿ ಐರ್ಲೆಂಡಿನಿಂದ ಬಂದ ಸಂತ ಕೊಲಂಬಾ ಮಠ ಕಟ್ಟಿದ ದ್ವೀಪ ಅದು. ಬೆಳಿಗ್ಗೆ ಬಂದು ಸಂಜೆ ಹೊರಡುವವರೇ ಹೆಚ್ಚು. ಕೋಣೆ ಸಿಕ್ಕರೆ ಒಂದು ರಾತ್ರಿ ಅಲ್ಲೇ ಉಳಿಯಿರಿ ಎನ್ನುತ್ತೇನೆ.

ಕಾರೇ ಬೇಕೆಂದು ಯಜಮಾನರು ಹಟ ಹಿಡಿದರೆ ಸ್ಕೈ ದ್ವೀಪಕ್ಕೆ ಹೋಗಿ. ಅಲ್ಲಿಗೆ 1995ರಿಂದ ಸೇತುವೆಯಿದೆ, 2004ರ ಕೊನೆಯಿಂದ ಟೋಲೂ ಇಲ್ಲ.

ಗಾಳಿ ಜೋರಾದರೆ ಜುಲೈನಲ್ಲೂ ಫೆರಿ ನಿಲ್ಲುತ್ತದೆ. ಊರಿನ ವಿಮಾನಕ್ಕೆ ಒಂದು ದಿನ ಮುಂಚೆಯೇ ದ್ವೀಪ ಬಿಟ್ಟಿರಿ.

ಊಟದ ವಿಷಯ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ: ದೊಡ್ಡ ಹಡಗುಗಳ ಕ್ಯಾಂಟೀನಿನಲ್ಲಿ ಮ್ಯಾಕರೋನಿ ಚೀಸ್ ಸಾಮಾನ್ಯವಾಗಿ ಸಿಗುತ್ತದೆ. ಸಸ್ಯಾಹಾರಿಗಳಾದರೆ ಚಿಪ್ಸ್ ಕೊಳ್ಳುವ ಮುನ್ನ ಮೀನು ಕರಿದ ಎಣ್ಣೆಯೇ ಎಂದು ಕೇಳಿ. ಉಪ್ಪಿನಕಾಯಿ ಮಾತ್ರ ಚೀಲದಲ್ಲಿರಲಿ.